ಮ್ಯಾಡ್ರಿಡ್‌ಗೆ ಬರೋ ಮುಂಚೆ ಬಾಯಿಗೆ ಬರಲಿ ಈ ಮಾತುಗಳು

ಮುಂದಿನ ತಿಂಗಳು ಕೆಲಸಕ್ಕೆ ಮ್ಯಾಡ್ರಿಡ್‌ಗೆ ಬರ್ತಿದ್ದೀನಿ, ಇಂಗ್ಲಿಷ್ ಸಾಕಾಗುತ್ತಾ, ಸ್ಪ್ಯಾನಿಷ್‌ನಲ್ಲಿ ಮೊದಲು ಏನು ಕಲೀಬೇಕು ಅಂತ ಕೇಳಿದ್ದೀರಿ. ಆಫೀಸಲ್ಲಿ ಇಂಗ್ಲಿಷ್ ನಡೆದೀತು. ತರಕಾರಿ ಅಂಗಡಿ, ಹೋಟೆಲಲ್ಲಿ ಅದನ್ನು ನಂಬಬೇಡಿ.

ಉಚ್ಚಾರಣೆಗೆ ಹೆದರಬೇಕಿಲ್ಲ. ಇಲ್ಲಿನ ತ, ದ ಹೆಚ್ಚುಕಮ್ಮಿ ನಮ್ಮವೇ. ಇಂಗ್ಲಿಷಿನ ಟ, ಡ ಬಿಟ್ಟುಬಿಡಿ ಅಷ್ಟೆ.

ಅಂಗಡಿಗೆ ಕಾಲಿಟ್ಟ ಕೂಡಲೇ "ಬುವೆನೊಸ್ ದಿಯಾಸ್" ಅನ್ನಿ, ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ "ಬುವೆನಾಸ್ ತಾರ್ದೆಸ್". ಸಂತೆಕಟ್ಟೆಯ ಮುಂದೆ ಜನ ಸಾಲಾಗಿ ನಿಲ್ಲದೆ ಅಲ್ಲಲ್ಲಿ ನಿಂತಿದ್ದರೆ ಸಾಲಿಲ್ಲ ಅಂದುಕೊಂಡು ಮುಂದೆ ನುಗ್ಗಬೇಡಿ. "ಕಿಯೆನ್ ಎಸ್ ಎಲ್ ಊಲ್ತಿಮೊ?" ಕೇಳಿ, ಅಂದರೆ ಕೊನೆಯವರು ಯಾರು. ಒಬ್ಬರು "ಯೊ", ಅಂದರೆ ನಾನು, ಅಂತಾರೆ. ಅವರ ನಂತರ ನಿಮ್ಮ ಸರದಿ. ನಿಮ್ಮ ಹಿಂದೆ ಬಂದವರು ಕೇಳಿದಾಗ ನೀವೂ "ಯೊ" ಅನ್ನಬೇಕು. ಸರದಿ ಬಂದಾಗ "ಮೆ ಪೊನೆ ಮೆದಿಯೊ ಕಿಲೊ ದೆ ತೊಮಾತೆಸ್", ಅರ್ಧ ಕೆಜಿ ಟೊಮೆಟೊ ಕೊಡಿ. ಚೀಸ್ ಕೊಳ್ಳೋವಾಗ "ಕ್ವಾರ್ತೊ ಇ ಮಿತಾದ್" ಅಂದರೆ 375 ಗ್ರಾಂ: ಕಾಲು ಕೆಜಿ, ಜೊತೆಗೆ ಆ ಕಾಲಿನ ಅರ್ಧ. "ಆಲ್ಗೊ ಮಾಸ್?" ಅಂದರೆ ಇನ್ನೇನಾದರೂ ಬೇಕಾ ಅಂತ, ಸಾಕಾದರೆ "ನಾದಾ ಮಾಸ್".

ಸಸ್ಯಾಹಾರಿಗಳಾದರೆ ಇದನ್ನು ಗಟ್ಟಿ ಮಾಡಿಕೊಳ್ಳಲೇಬೇಕು. "ಸಿನ್ ಕಾರ್ನೆ", ಮಾಂಸ ಬೇಡ, ಅಂದರೆ ಸಾಲದು. ಹಂದಿಯ ಹಮೋನ್, ಟ್ಯೂನಾ ಮೀನು ಎಷ್ಟೋ ಜನರ ಲೆಕ್ಕದಲ್ಲಿ "ಕಾರ್ನೆ"ಗೆ ಸೇರೋದಿಲ್ಲ. ಹಾಗಾಗಿ "ಎನ್ಸಲಾದಾ ಮಿಕ್ಸ್ತಾ" ಅನ್ನೋ ಸಲಾಡಿನ ಮೇಲೂ ಸಾಮಾನ್ಯವಾಗಿ ಟ್ಯೂನಾ ಇರುತ್ತೆ. ಒಂದೊಂದನ್ನೂ ಹೆಸರು ಹಿಡಿದು ಹೇಳಿ: "ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಅತೂನ್", ಅಂದರೆ ಮಾಂಸ, ಮೀನು, ಹಮೋನ್, ಟ್ಯೂನಾ ಯಾವುದೂ ತಿನ್ನಲ್ಲ. ಮೆನುವಲ್ಲಿ "ಲೆಂತೇಹಾಸ್" ಕಂಡು ಬೇಳೆ ತಾನೇ ಅಂತ ತರಿಸಬೇಡಿ, ಅದರಲ್ಲಿ ಚೊರಿಸೊ ಅನ್ನೋ ಹಂದಿ ಸಾಸೇಜ್ ಹಾಕೋದು ವಾಡಿಕೆ. ಸೂಪಿಗೆ "ಎಲ್ ಕಾಲ್ದೊ ಯೇಬಾ ಕಾರ್ನೆ?", ಸಾರಿನ ನೀರು ಮಾಂಸದ್ದಾ, ಅಂತ ಕೇಳಿ. ಮೊಟ್ಟೆಯೂ ತಿನ್ನದಿದ್ದರೆ "ನಿ ಉವೆಬೊ" ಸೇರಿಸಿ. ಇಲ್ಲಿನ "ತೊರ್ತಿಯಾ" ಮೊಟ್ಟೆ-ಆಲೂಗಡ್ಡೆಯದ್ದು, ರೊಟ್ಟಿಯಲ್ಲ. ಬಿಲ್ಲಿಗೆ "ಲಾ ಕುವೆಂತಾ, ಪೊರ್ ಫಾಬೊರ್". ಕೇಳದೆ ಬಿಲ್ ತಂದಿಡೋ ರೂಢಿ ಕಡಿಮೆ, ಕಾಯ್ತಾ ಕೂರಬೇಡಿ.

ಅವರ ಮಾತು ವೇಗವಾದಾಗ "ಮಾಸ್ ದೆಸ್ಪಾಸಿಯೊ, ಪೊರ್ ಫಾಬೊರ್", ನಿಧಾನಕ್ಕೆ ಹೇಳಿ. ಇನ್ನೊಂದು: ಬಸ್ ಹಿಡಿಯೋದಕ್ಕೆ ಸ್ಪೇನಲ್ಲಿ "ಕೊಹೆರ್" ಅಂತಾರೆ. ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಅದು ಅಶ್ಲೀಲ ಪದ. ಆ ದೇಶದ ಸಹೋದ್ಯೋಗಿಗಳಿದ್ದರೆ "ತೊಮಾರ್" ಬಳಸಿ.