ಹೂ ಬಿಟ್ಟರೂ ಹಣ್ಣಾಗದ ‘ಹಾಲಿ’ (holly) ಮರ

ಪ್ರಶ್ನೆ: ಅಮೆರಿಕದ ಡೆಲವೇರ್‌ನಲ್ಲಿರುವ ನಮ್ಮ ಮನೆಯಂಗಳದ ಅಮೆರಿಕನ್ ಹಾಲಿ ಮರ ಪ್ರತಿ ಮೇ ತಿಂಗಳಲ್ಲಿ ಹೂ ಬಿಡುತ್ತದೆ, ಆದರೆ ಒಂದು ಕೆಂಪು ಹಣ್ಣನ್ನೂ ಕಾಣೆವು. ಗೊಬ್ಬರ ಸಾಲದೆ?

ಉತ್ತರ: ಗೊಬ್ಬರದ ಕೊರತೆ ಇದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ನಮ್ಮ ಜಾಯಿಕಾಯಿಯಂತೆ ಹಾಲಿಯಲ್ಲಿಯೂ ಗಂಡು, ಹೆಣ್ಣು ಮರಗಳು ಬೇರೆಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಮುಂದಿನ ಮೇನಲ್ಲಿ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿ: ನಾಲ್ಕು ಬೆಳ್ಳನೆಯ ಎಸಳುಗಳ ನಡುವೆ ಪುಟ್ಟ ಹಸಿರು ಗುಂಡು ಉಬ್ಬಿ ನಿಂತಿದ್ದರೆ ಅದು ಹೆಣ್ಣು, ಹಳದಿ ಪುಡಿ ಹೊತ್ತ ಕೇಸರಗಳೇ ಎದ್ದು ಕಂಡರೆ ಗಂಡು. ಹೆಣ್ಣಾಗಿದ್ದರೆ, ಜೇನ್ನೊಣಗಳು ಸುಲಭವಾಗಿ ಹೋಗಿಬರುವಷ್ಟು ಹತ್ತಿರದಲ್ಲಿ ಅದೇ ಜಾತಿಯ ಗಂಡು ಗಿಡವೊಂದನ್ನು ನೆಡಿ. ಗಂಡಾಗಿದ್ದರೆ, ದಯವಿಟ್ಟು ಕಡಿಯಬೇಡಿ, ಪಕ್ಕದಲ್ಲೊಂದು ಹೆಣ್ಣು ಗಿಡ ತನ್ನಿ. ಹೂವಿನ ಕಾಲಕ್ಕೆ ಬೀಳುವ ತಡವಾದ, ಹೆಪ್ಪುಗಟ್ಟಿದ ಇಬ್ಬನಿಯೂ ಕಾಯಿ ಕಟ್ಟದಂತೆ ಮಾಡಬಲ್ಲದು.

1939ರಿಂದ ಡೆಲವೇರ್‌ನ ರಾಜ್ಯವೃಕ್ಷವಾಗಿರುವ ಈ ನಿತ್ಯಹಸಿರು ಮರ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ತಾಳುತ್ತದೆ, ಆದರೆ ಬುಡದಲ್ಲಿ ನಿಂತ ನೀರನ್ನು ಸಹಿಸುವುದಿಲ್ಲ. ಹುಳಿಗುಣದ, ನೀರು ಬಸಿಯುವ ಮಣ್ಣು ಅದಕ್ಕೆ ಹಿತ. ಹಣ್ಣು ಹಕ್ಕಿಗಳಿಗೆ ಆಹಾರವಾದರೂ ಮನುಷ್ಯರಿಗೆ ವಾಂತಿ, ಭೇದಿ ತರುವುದರಿಂದ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.