ಶಾಂತಲೆ ನಿಜವಾಗಿ ಬೆಟ್ಟದಿಂದ ಹಾರಿದಳೇ?
ಚಾರಿತ್ರಿಕ ಪ್ರೇಮ ಕಾದಂಬರಿಗಳ ಬಗ್ಗೆ ಈ ವಾರದ ಪತ್ರಗಳು

ಪ್ರಶ್ನೆ: ನಮ್ಮ ಬಡಾವಣೆಯ ಹೆಂಗಸರು ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಈ ಸಲ ಹೊಯ್ಸಳ ರಾಜ ವಿಷ್ಣುವರ್ಧನ ಮತ್ತು ಅವನ ರಾಣಿ ಶಾಂತಲೆಯ ಪ್ರೇಮದ ಮೇಲೆ ಬಂದ ಒಂದು ಕಾದಂಬರಿ ಓದಿದೆವು. ಸವತಿ ಲಕ್ಷ್ಮಿಯ ಮಗನಿಗೆ ಪಟ್ಟ ಸಿಗಲಿ ಅಂತ ಶಾಂತಲೆ ಕೊನೆಗೆ ಶಿವಗಂಗೆ ಬೆಟ್ಟದಿಂದ ಹಾರುತ್ತಾಳೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಗುಂಪಿನಲ್ಲಿದ್ದ ಒಬ್ಬರು ‘ಇದೆಲ್ಲ ಕಟ್ಟುಕಥೆ, ಅಳೋಕೇನಿದೆ’ ಅಂದುಬಿಟ್ಟರು. ಇಂಥ ಕಾದಂಬರಿಯನ್ನು ಹೇಗೆ ಓದಬೇಕು? ಹೇಗೆ ವಿಮರ್ಶೆ ಮಾಡಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಅತ್ತಿದ್ದಕ್ಕೆ ಸಂಕೋಚ ಬೇಡಮ್ಮ. ಓದುಗರ ಕಣ್ಣಲ್ಲಿ ನೀರು ಬರಿಸುವುದು ಸುಲಭದ ಕೆಲಸ ಅಲ್ಲ. ವಿಮರ್ಶೆ ಅಲ್ಲಿಂದಲೇ ಶುರುವಾಗಲಿ. ಯಾವ ಪುಟದಲ್ಲಿ ಅಳು ಬಂತು, ಯಾರ ಮೇಲೆ ಮರುಕ ಹುಟ್ಟಿತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಶಾಸನದ ಕಡೆ ತಿರುಗಿ.

ನಾನು ಹಾಸನ ಜಿಲ್ಲೆಯವಳು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಗೆ ಬಂದವರೆಲ್ಲ ಗೊಮ್ಮಟನನ್ನು ನೋಡೋಕೆ ದೊಡ್ಡಬೆಟ್ಟ ಹತ್ತುತ್ತಾರೆ. ನಾನು ಮೊದಲು ಎದುರಿನ ಚಿಕ್ಕಬೆಟ್ಟ ಹತ್ತಿಸುತ್ತಿದ್ದೆ. ಅಲ್ಲಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿ ಇದೆ. ಒಳಗಿರುವುದು ಜೈನ ತೀರ್ಥಂಕರ ಶಾಂತಿನಾಥ. ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಅದು ಶಾಂತಲೆಗೇ ಇದ್ದ ಬಿರುದು. ಸವತಿಯರ ಪಾಲಿಗೆ ಇವಳು ಸೊಕ್ಕಿದ ಆನೆ ಅಂತ! ದೇವರ ಮನೆಗೆ ಆ ಹೆಸರು ಇಡಲು ಆಕೆ ಹಿಂಜರಿಯಲಿಲ್ಲ. ಹಾಡು, ವಾದ್ಯ, ನೃತ್ಯ ಎಲ್ಲದರಲ್ಲೂ ಪಳಗಿದವಳು ಅಂತಲೂ ಶಾಸನ ಹೊಗಳುತ್ತದೆ. ಹೊಗಳುವುದೇ ಇಂಥ ಶಾಸನಗಳ ಕೆಲಸ, ಒಪ್ಪುತ್ತೇನೆ. ಅದನ್ನೂ ಸ್ವಲ್ಪ ತೂಗಿಯೇ ಓದಬೇಕು. ಆದರೂ ಇರುವ ಹೊಗಳಿಕೆಗಳಲ್ಲಿ ಯಾವುದನ್ನು ಆರಿಸಿ ಬಸದಿಗೆ ಇಟ್ಟರು ಅನ್ನುವುದು ಮುಖ್ಯ ಅಲ್ವಾ?

ಈಗ ಸಾವಿನ ವಿಚಾರ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಬೆಳಗೊಳದ ಶಾಸನ ಹೇಳುತ್ತದೆ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಉಪವಾಸದ ವ್ರತ ಹಿಡಿದು ಪ್ರಾಣ ಬಿಟ್ಟಳು. ಬೆಟ್ಟದಿಂದ ಹಾರಿದ ಮಾತು ಅಲ್ಲಿಲ್ಲ. ಸವತಿಗಾಗಿ ಸತ್ತಳು ಅನ್ನುವುದೂ ಇಲ್ಲ. ಮುಂದೆ ಪಟ್ಟಕ್ಕೆ ಬಂದ ನರಸಿಂಹ ಲಕ್ಷ್ಮೀದೇವಿಯ ಮಗ ಅನ್ನುವುದು ಮಾತ್ರ ನಿಜ. ಶಿವಗಂಗೆಗೆ ಹೋದರೆ ‘ಶಾಂತಲಾ ಡ್ರಾಪ್’ ಅಂತ ಈಗಲೂ ಒಂದು ಜಾಗ ತೋರಿಸುತ್ತಾರೆ. ಅದು ಜನರ ಬಾಯಲ್ಲಿ ಬೆಳೆದ ಕಥೆ.

ಹಾಗಂತ ಕಾದಂಬರಿಕಾರರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಶಾಸನ ಸುಮ್ಮನಿರುವ ಕಡೆ ಅವರಿಗೆ ಪೂರ್ತಿ ಸ್ವಾತಂತ್ರ್ಯ ಇದೆ. ನನ್ನ ತಕರಾರು ಬೇರೆ. ಕಲ್ಲಿನ ಮೇಲೆ ಅಷ್ಟು ಗಟ್ಟಿಯಾಗಿ ನಿಂತ ಹೆಂಗಸನ್ನು ಕಾಗದದ ಮೇಲೆ ಯಾಕೆ ಇಷ್ಟು ಮೆತ್ತಗೆ ಮಾಡುತ್ತೀರಿ? ಸವತಿಯರ ಎದುರು ಆನೆಯ ಹಾಗಿದ್ದವಳು ಸವತಿಗಾಗಿ ಪ್ರಾಣ ಕೊಟ್ಟಳು ಅಂತ ಬರೆಯುವುದಾದರೆ ಬರೆಯಲಿ. ಆದರೆ ಆ ಆನೆ ಹೇಗೆ ಬಾಗಿತು, ಎಷ್ಟು ಸಿಟ್ಟು ನುಂಗಿತು, ಒಳಗೆ ಏನು ಮುರಿಯಿತು ಅನ್ನುವುದನ್ನು ತೋರಿಸಲೇಬೇಕು. ಮೊದಲ ಪುಟದಿಂದಲೇ ಅವಳನ್ನು ತ್ಯಾಗದ ಗೊಂಬೆ ಮಾಡಿ ಕೂರಿಸಿದರೆ ಕೊನೆಯ ಪುಟದ ಅಳು ಅಗ್ಗದ ಅಳು. ನಾನು ಮೊದಲು ನೋಡುವುದು ಇದನ್ನೇ. ದಾಖಲೆಯಲ್ಲಿರುವ ಹೆಂಗಸಿಗಿಂತ ಕಾದಂಬರಿಯ ಹೆಂಗಸು ಸಣ್ಣವಳಾಗಿದ್ದಾಳಾ?

ಇನ್ನೊಂದು ಮಾತು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಜೈನಳು. ಶಾಂತಲೆಯೂ ಜೈನಳೇ. ಗಂಡ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವಿಗೆ ಅಷ್ಟು ದೊಡ್ಡ ಗುಡಿ ಕಟ್ಟಿಸಿದ. ಅದೇ ಅಂಗಳದಲ್ಲಿ ಇವಳೂ ಒಂದು ವಿಷ್ಣುವಿನ ಗುಡಿ ಕಟ್ಟಿಸಿದಳು, ಈಗ ಅದನ್ನು ಕಪ್ಪೆ ಚೆನ್ನಿಗರಾಯನ ಗುಡಿ ಅನ್ನುತ್ತಾರೆ. ಆರು ವರ್ಷದ ಮೇಲೆ ಬೆಳಗೊಳದಲ್ಲಿ ತನ್ನ ಬಸದಿ. ಈ ಗಂಡ ಹೆಂಡತಿ ಊಟಕ್ಕೆ ಕೂತಾಗ ದೇವರ ಬಗ್ಗೆ ಏನು ಮಾತಾಡಿಕೊಂಡಿರಬಹುದು? ಒಬ್ಬರಿಗೊಬ್ಬರು ಎಲ್ಲಿ ಸೋತಿರಬಹುದು? ಪ್ರೇಮ ಕಾದಂಬರಿಗೆ ಇದಕ್ಕಿಂತ ಫಲವತ್ತಾದ ಜಾಗ ಬೇಕಾ? ನೀವು ಓದಿದ ಪುಸ್ತಕ ಈ ಜಾಗಕ್ಕೆ ಹೋಗಿದೆಯಾ, ಇಲ್ಲ ಹೂದೋಟ, ಬೆಳದಿಂಗಳಲ್ಲೇ ಮುಗಿಸಿದೆಯಾ, ನೋಡಿ. ಕೆ.ವಿ. ಅಯ್ಯರ್ ಮತ್ತು ಸಿ.ಕೆ. ನಾಗರಾಜರಾವ್ ಇಬ್ಬರೂ ಶಾಂತಲೆಯ ಮೇಲೆ ಕಾದಂಬರಿ ಬರೆದಿದ್ದಾರೆ. ಮುಂದಿನ ತಿಂಗಳುಗಳಲ್ಲಿ ಒಂದಾದ ಮೇಲೆ ಒಂದು ಓದಿ. ಒಬ್ಬಳೇ ಹೆಂಗಸು ಇಬ್ಬರ ಕೈಯಲ್ಲಿ ಏನಾದಳು ಅಂತ ಮಾತಾಡಲು ನಿಮಗೆ ಒಂದು ಸಂಜೆ ಸಾಲದು.

ಪ್ರಶ್ನೆ: ಬೇಲೂರಿನ ಒಬ್ಬ ಶಿಲ್ಪಿಯ ಪ್ರೇಮದ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ಓದಿದ ಗೆಳೆಯ ‘ಹೊಯ್ಸಳರ ಕಾಲದ ಹಾಗೇ ಅನ್ನಿಸಲ್ಲ’ ಅಂದ. ಏನು ತಪ್ಪಿದೆ ಅಂತ ಅವನಿಗೂ ಹೇಳೋಕೆ ಬರಲಿಲ್ಲ. ಮಾತುಕತೆಯನ್ನು ಹಳಗನ್ನಡದಲ್ಲಿ ಬರೆಯಬೇಕಾ? ಕೆಲವು ಪುಟ ಜೊತೆಗಿಟ್ಟಿದ್ದೇನೆ.
– ಯುವ ಬರಹಗಾರ, ಮುಂಬೈ

ಉತ್ತರ: ಹಳಗನ್ನಡ ಬೇಡಪ್ಪ. ಓದುವವರಿಗೆ ಉಸಿರು ಕಟ್ಟುತ್ತದೆ. ಸರಳ ಕನ್ನಡವೇ ಇರಲಿ. ದರ್ಬಾರು, ಸಿಪಾಯಿ, ಖಜಾನೆ ಇಂಥ ಆಮೇಲೆ ಬಂದ ಮಾತುಗಳನ್ನು ಪಾತ್ರಗಳ ಬಾಯಿಂದ ತೆಗೆದುಬಿಡು, ಸಾಕು.

ನಿನ್ನ ಪುಟಗಳನ್ನು ಗಮನವಿಟ್ಟು ಓದಿದೆ. ನಾಯಕಿಯ ಅಮ್ಮ ಒಣಮೆಣಸಿನಕಾಯಿ ಹುರಿಯುತ್ತಾಳೆ. ಘಾಟಿಗೆ ನಾಯಕ ಕೆಮ್ಮುತ್ತಾನೆ, ಅವಳು ನಗುತ್ತಾಳೆ, ಪ್ರೀತಿ ಶುರು. ದೃಶ್ಯ ಚೆನ್ನಾಗಿದೆ. ಆದರೆ ಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, 1498ರ ನಂತರ. ನಿನ್ನ ಕಥೆಗೂ ಅದಕ್ಕೂ ಸುಮಾರು ನಾಲ್ಕು ನೂರು ವರ್ಷದ ಅಂತರ. ಕಾಳುಮೆಣಸು ಹುರಿಯಲಿ. ಕೆಮ್ಮು ಅದಕ್ಕೂ ಬರುತ್ತದೆ.

ಅವನ ಓಲೆ ಓದಿ ಅವಳು ಸಿಟ್ಟಿನಿಂದ ಚೂರುಚೂರು ಹರಿದು ಗಾಳಿಗೆ ತೂರುತ್ತಾಳೆ ಅಂತ ಬರೆದಿದ್ದೀಯ. ತಾಳೆಗರಿ ಕಾಗದದ ಹಾಗೆ ಹರಿಯುವುದಿಲ್ಲ. ಕಂಟ ಅನ್ನುವ ಕಬ್ಬಿಣದ ಲೇಖನಿಯಿಂದ ಗೀರಿ ಬರೆದ ಗಟ್ಟಿ ಗರಿ ಅದು. ಒಲೆಗೆ ಹಾಕಬಹುದು, ನೀರಿಗೆ ಎಸೆಯಬಹುದು. ಒಲೆಗೆ ಹಾಕಿದರೆ ಅಮ್ಮ ನೋಡುತ್ತಾಳೆ. ನೀರಿಗೆ ಎಸೆದರೆ ಯಾರಿಗೋ ಸಿಗಬಹುದು. ನೋಡು, ನಿಜವಾದ ವಸ್ತುವನ್ನು ಕೈಗೆ ಕೊಟ್ಟ ತಕ್ಷಣ ಕಥೆಗೆ ಹೊಸ ದಾರಿ ಸಿಕ್ಕಿತು. ಕನ್ನಡಿ ಕೆಳಗೆ ಬಿದ್ದು ಪುಡಿಯಾಗುವ ಜಾಗವೂ ಹಾಗೆಯೇ. ಬೇಲೂರಿನ ದರ್ಪಣಸುಂದರಿಯ ಕೈಯಲ್ಲಿರುವಂಥದ್ದು ಲೋಹದ ಕನ್ನಡಿ. ಅದು ಬಿದ್ದರೆ ಸದ್ದಾಗುತ್ತದೆ, ಒಡೆದು ಚೂರಾಗುವುದಿಲ್ಲ. ಆ ಸದ್ದಿಗೆ ಮನೆಯವರು ಎದ್ದು ಬರಲಿ. ಹೊತ್ತನ್ನು ಗಳಿಗೆಯಲ್ಲಿ ಹೇಳು. ಒಂದು ಗಳಿಗೆ ಅಂದರೆ ಇಪ್ಪತ್ತನಾಲ್ಕು ನಿಮಿಷ.

ನಾಯಕನಿಗೆ ಊರೇ ಇಲ್ಲ, ಅದು ನನಗೆ ತುಂಬ ಕೊರತೆ ಅನ್ನಿಸಿತು. ಬೇಲೂರಿನ ಶಿಲ್ಪಿಗಳು ಹೆಸರಿಲ್ಲದವರಲ್ಲ. ತಮ್ಮ ಕೆಲಸದ ಮೇಲೆ ಹೆಸರು, ಊರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರ ಹೆಸರೂ ಅಲ್ಲಿವೆ. ಅಪ್ಪ, ಮಗ ಒಂದೇ ಗುಡಿಯ ಕೆಲಸಕ್ಕೆ ಬಳ್ಳಿಗಾವೆಯಿಂದ ಬಂದಿದ್ದಾರೆ. ಗಾಡಿಯಲ್ಲಿ ಎಷ್ಟೋ ದಿನದ ದಾರಿ. ಆ ಗುಡಿಗೆ ಬಳಸಿದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಮದನಿಕೆಯರು ಅನ್ನುವ ಆ ಹೆಣ್ಣು ಶಿಲ್ಪಗಳ ಬಳೆ, ಸರ ಅಷ್ಟು ನಾಜೂಕು. ನಿನ್ನ ನಾಯಕನನ್ನೂ ಯಾವುದಾದರೂ ಊರಿಂದ ಕರೆದುಕೊಂಡು ಬಾ. ಅವನ ಜೊತೆ ಅಪ್ಪ ಇರಲಿ. ಅಪ್ಪನ ಕಣ್ಣು ತಪ್ಪಿಸಿ ಪ್ರೀತಿ ಮಾಡುವ ಕಷ್ಟ ಇರಲಿ. ತಿದ್ದಿ ಮತ್ತೆ ಕಳಿಸು, ಖಂಡಿತ ಓದುತ್ತೇನೆ.

ಪ್ರಶ್ನೆ: ಹಲವು ಚಾರಿತ್ರಿಕ ಪ್ರೇಮ ಕಾದಂಬರಿಗಳಲ್ಲಿ ರಾಜ ಹುಡುಗಿಯನ್ನು ಬಲವಂತವಾಗಿ ಹೊತ್ತೊಯ್ಯುತ್ತಾನೆ. ಸ್ವಲ್ಪ ದಿನದಲ್ಲಿ ಅವಳಿಗೂ ಪ್ರೀತಿ ಹುಟ್ಟುತ್ತದೆ. ನನಗೆ ಹಿಂಸೆಯಾಗುತ್ತದೆ. ಕೇಳಿದರೆ ‘ಆ ಕಾಲ ಹಾಗಿತ್ತು’ ಅನ್ನುತ್ತಾರೆ. ಇವತ್ತಿನ ಕಣ್ಣಿಂದ ನೋಡುವುದು ತಪ್ಪಾ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಪ್ಪಲ್ಲ ಮಗಳೇ. ಬಲವಂತ ಆ ಕಾಲದಲ್ಲಿ ಇತ್ತು. ಅದನ್ನು ಬರೆಯುವುದೂ ತಪ್ಪಲ್ಲ. ಬಲವಂತವನ್ನೇ ಪ್ರೇಮ ಅಂತ ನಮ್ಮ ಕೈಗೆ ಕೊಡುವುದು ತಪ್ಪು.

‘ಆ ಕಾಲದ ಹೆಣ್ಣಿಗೆ ಬಾಯಿ ಇರಲಿಲ್ಲ’ ಅನ್ನುವವರಿಗೆ ಅಕ್ಕಮಹಾದೇವಿಯನ್ನು ನೆನಪಿಸು. ಅಕ್ಕನೂ ಅದೇ ಹನ್ನೆರಡನೇ ಶತಮಾನದವಳು. ಹರಿಹರ ತನ್ನ ರಗಳೆಯಲ್ಲಿ ಹೇಳುವ ಕಥೆಯಲ್ಲಿ ಕೌಶಿಕ ರಾಜನಿಗೆ ಅವಳು ಷರತ್ತು ಹಾಕುತ್ತಾಳೆ. ಅವನು ಷರತ್ತು ಮುರಿದಾಗ ಅರಮನೆ ಬಿಟ್ಟು ನಡೆಯುತ್ತಾಳೆ. ಬೇಡ ಅನ್ನುವ ಹೆಣ್ಣನ್ನು ನಮ್ಮ ಹಳೆಯ ಕವಿಯೇ ಹಾಗೆ ಬರೆದಿರುವಾಗ, ಇವತ್ತು ಬರೆಯುವವರಿಗೆ ಯಾಕೆ ಆಗುವುದಿಲ್ಲ? ವಿಮರ್ಶೆ ಬರೆಯುವಾಗ ನಿನ್ನ ಹಿಂಸೆಯನ್ನು ಮುಚ್ಚಿಡಬೇಡ. ಆ ಹುಡುಗಿಯ ಮನಸ್ಸು ಬದಲಾದ ಪುಟ ಯಾವುದು ಅಂತ ಹುಡುಕು. ಎಷ್ಟೋ ಪುಸ್ತಕಗಳಲ್ಲಿ ಆ ಪುಟವೇ ಇರುವುದಿಲ್ಲ. ಒಂದು ಅಧ್ಯಾಯದಲ್ಲಿ ಅಳುತ್ತಾಳೆ, ಮುಂದಿನದರಲ್ಲಿ ಅವನಿಗೆ ಹೂಮಾಲೆ ಕಟ್ಟುತ್ತಾಳೆ. ಆ ಎರಡು ಅಧ್ಯಾಯದ ಹೆಸರು ಹಾಕಿ, ನಡುವೆ ಏನು ಬಿಟ್ಟುಹೋಗಿದೆ ಅಂತ ಬರೆ.

ಪ್ರಶ್ನೆ: ನಮ್ಮ ಗ್ರಂಥಾಲಯದ ಸಭೆಗೆ ಕಾದಂಬರಿ ಬರೆದವರೇ ಬರುತ್ತಿದ್ದಾರೆ. ವಯಸ್ಸಿನಲ್ಲಿ ಹಿರಿಯರು. ಪುಸ್ತಕದಲ್ಲಿ ತಪ್ಪುಗಳಿವೆ. ಎದುರಿಗೇ ಹೇಳುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಹೇಳಿ. ಪುಸ್ತಕವನ್ನು ಪೂರ್ತಿ ಓದಿ ಬಂದವರ ಮಾತಿಗೆ ಬರೆದವರು ಸಾಮಾನ್ಯವಾಗಿ ಬೇಸರ ಪಡುವುದಿಲ್ಲ. ನಿಮಗೆ ಇಷ್ಟವಾದ ಒಂದು ದೃಶ್ಯವನ್ನು ಮೊದಲು ಹೇಳಿ, ಅದು ನಿಜವಾಗಿ ಇಷ್ಟವಾಗಿದ್ದರೆ ಮಾತ್ರ. ಆಮೇಲೆ ಪುಟ ತೆಗೆದು ‘ಸಾರ್, ಇಲ್ಲಿ ಹೀಗೆ ಬರೆದಿದ್ದೀರಿ, ಶಾಸನದಲ್ಲಿ ಹೀಗಿದೆ, ಯಾಕೆ ಬದಲಿಸಿದಿರಿ?’ ಅಂತ ಕೇಳಿ. ಎಷ್ಟೋ ಸಲ ಅವರ ಹತ್ತಿರ ಒಳ್ಳೆಯ ಕಾರಣ ಇರುತ್ತದೆ. ಮೆಣಸಿನಕಾಯಿಯಂಥ ಸಣ್ಣಪುಟ್ಟ ತಪ್ಪುಗಳನ್ನು ಸಭೆಯಲ್ಲಿ ಎತ್ತಬೇಡಿ. ಒಂದು ಹಾಳೆಯಲ್ಲಿ ಪುಟಸಂಖ್ಯೆ ಸಮೇತ ಬರೆದು ಕಾಫಿಯ ಹೊತ್ತಿಗೆ ಕೈಗೆ ಕೊಡಿ. ಮುಂದಿನ ಮುದ್ರಣದಲ್ಲಿ ತಿದ್ದಲು ಅವರಿಗೆ ಬೇಕಾಗುತ್ತದೆ.