ಬೆಳಗಿನ ಪಾತ್ರೆ ಬಿಸಿ, ಮಧ್ಯಾಹ್ನದ್ದು ತಣ್ಣಗೆ

ಪ್ರಶ್ನೆ: ಮಾನ್ಯರೆ, ನಮ್ಮದು ಒಂಬತ್ತು ಮಂದಿಯ ಮನೆ. ಸೋಪಿನಿಂದ ನನ್ನ ಕೈ ಬಿರುಕು ಬಿಡುತ್ತಿದ್ದುದರಿಂದ ನಾಲ್ಕು ವರ್ಷದ ಹಿಂದೆ ಡಿಶ್‌ವಾಷರ್ ತಂದೆವು. ಈಗ ಒಂದು ತಿಂಗಳಿಂದ ಬೆಳಗಿನ ಪಾತ್ರೆಗಳು ಮುಟ್ಟಲಾಗದಷ್ಟು ಬಿಸಿಯಾಗಿ, ಫಳಫಳ ಹೊಳೆಯುತ್ತ ಬರುತ್ತವೆ. ಮಧ್ಯಾಹ್ನ ಅದೇ 60 ಡಿಗ್ರಿಗೆ ಇಟ್ಟರೂ ತಣ್ಣಗಿರುತ್ತವೆ. ಬಸ್ಸಾರಿನ ಜಿಡ್ಡು ತಟ್ಟೆಯಂಚಿನಲ್ಲಿ ಹಾಗೆಯೇ ಕೂತಿರುತ್ತದೆ. ದೋಷವೆಂದು ಯಂತ್ರ ಏನನ್ನೂ ತೋರಿಸುವುದಿಲ್ಲ, ಹೇಳಿದ ಹೊತ್ತಿಗೇ ಮುಗಿಯುತ್ತದೆ. ಮೆಕ್ಯಾನಿಕ್ ಬಂದು ನೋಡಿ, ಬೋರ್ಡ್ ಹೋಗಿದೆ, 14,000 ರೂಪಾಯಿ ಆಗುತ್ತದೆ ಎಂದರು. ಹಾಕಿಸಲೇ?
– ಗೃಹಿಣಿ, ಚಿಂತಾಮಣಿ ತಾಲ್ಲೂಕು

ಉತ್ತರ: ಬೇಡಮ್ಮ, ಸದ್ಯಕ್ಕೆ ಬೋರ್ಡಿನ ತಂಟೆಗೆ ಹೋಗಬೇಡಿ.

ಹೇಳಿದ ಹೊತ್ತಿಗೇ ಮುಗಿಯುತ್ತದೆ ಎಂದು ಬರೆದಿದ್ದೀರಲ್ಲ, ಆ ಮಾತನ್ನು ಮೆಕ್ಯಾನಿಕ್ ಕಿವಿಗೊಟ್ಟು ಕೇಳಬೇಕಿತ್ತು. ಹೀಟರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಈಗಿನ ಯಂತ್ರಗಳು ನೀರು ಬಿಸಿಯಾಗಲೆಂದು ಕಾದು ಸಮಯ ಎಳೆಯುತ್ತವೆ, ಇಲ್ಲವೇ ದೋಷದ ಸಂಕೇತ ತೋರಿಸಿ ನಿಂತುಬಿಡುತ್ತವೆ. ಮಧ್ಯಾಹ್ನ ನಿಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ ಎಂದುಕೊಂಡರೂ ಅಷ್ಟೇ, ಹೊತ್ತು ಹೆಚ್ಚು ಹಿಡಿಯಬೇಕು. ನಿಮ್ಮದು ಏನೂ ಆಗಿಲ್ಲವೆಂಬಂತೆ ಕೆಲಸ ಮುಗಿಸುತ್ತಿದೆ. ಎಂದರೆ ನೀರು ಬಿಸಿಯಾಗಿದೆ ಎಂದೇ ಅದು ನಂಬಿದೆ. ಹಾಗೆಂದು ಅದಕ್ಕೆ ಹೇಳುತ್ತಿರುವುದು ಉಷ್ಣತೆಯ ಸೆನ್ಸರ್. ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಸೆನ್ಸರ್ ಎಂದರೆ ಹೆಬ್ಬೆರಳಿನ ತುದಿಯಷ್ಟಿರುವ ಒಂದು ತುಂಡು. ಯಂತ್ರದ ತಳದಲ್ಲಿ, ನೀರು ಬಂದು ನಿಲ್ಲುವ ಗುಂಡಿಗೋ ಹೀಟರಿನ ಪಕ್ಕಕ್ಕೋ ರಬ್ಬರ್ ವಾಷರ್ ಕೊಟ್ಟು ಸಿಕ್ಕಿಸಿರುತ್ತಾರೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಹಲವು ಯಂತ್ರಗಳಲ್ಲಿ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇದ್ದದ್ದು 60 ಡಿಗ್ರಿಗೆ ಎರಡೂವರೆಯಿಂದ ಮೂರು ಕಿಲೋ ಓಮ್‌ಗೆ ಬರುತ್ತದೆ. ಬೋರ್ಡ್ ಈ ಅಂಕಿಯನ್ನು ನೋಡಿಕೊಂಡೇ ಹೀಟರನ್ನು ಉರಿಸುತ್ತದೆ, ನಿಲ್ಲಿಸುತ್ತದೆ. ಬೇರೆ ಯಾವುದೋ ಕಾರಣಕ್ಕೆ ರೋಧ ಇಳಿದರೂ ಬೋರ್ಡಿಗೆ ಅದು ಬಿಸಿಯೇ. ತಣ್ಣೀರಿಟ್ಟುಕೊಂಡೇ ಹೀಟರ್ ಆರಿಸುತ್ತದೆ.

ಚಿಕ್ಕಬಳ್ಳಾಪುರದ ಒಂದು ಮನೆಯಲ್ಲಿ ಇಂಥದ್ದನ್ನೇ ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಯೂ ದಿನದ ಮೊದಲ ಸರದಿ ಚೆನ್ನಾಗಿತ್ತು, ಎರಡನೆಯದು ತಣ್ಣಗೆ. ತಣ್ಣಗೆ ಮುಗಿದ ಕೂಡಲೇ ಅಳೆದರೆ ಮೀಟರ್ 3.2 ಕಿಲೋ ಓಮ್ ತೋರಿಸಿತು. ಅಂದರೆ 55 ಡಿಗ್ರಿಯ ಆಸುಪಾಸು. ಕೈಯಿಟ್ಟು ನೋಡಿದರೆ ಗುಂಡಿಯ ನೀರು ತಣ್ಣಗೆ ಕೊರೆಯುತ್ತಿತ್ತು. ಟಾರ್ಚ್ ಹಿಡಿದು ಬಗ್ಗಿದಾಗ ಕಂಡಿತು: ಸೆನ್ಸರಿನ ಎರಡು ಪಿನ್ನುಗಳ ನಡುವೆ ಒಂದೇ ಒಂದು ಹನಿ ನೀರು ತೂಗಾಡುತ್ತಿತ್ತು. ಪಿನ್ನಿನ ಬುಡದಲ್ಲಿ ಪೂಜೆಯ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು. ನಮ್ಮ ಆಳದ ಕೊಳವೆಬಾವಿಗಳ ನೀರಿನಲ್ಲಿ ಲವಣ ಹೆಚ್ಚು, ಮಳೆನೀರಿಗಿಂತ ಸಲೀಸಾಗಿ ಅದು ವಿದ್ಯುತ್ ಹರಿಸುತ್ತದೆ. ಸೆನ್ಸರಿನ ಜೊತೆಗೆ ಆ ಹನಿಯ ಮೂಲಕವೂ ವಿದ್ಯುತ್ತು ದಾಟುತ್ತಿತ್ತು. ಹತ್ತಿ ಬಟ್ಟೆಯಿಂದ ಒರೆಸಿ, ಗಾಳಿಗೆ ಆರಿಸಿ ಅಳೆದರೆ 8.8. ವಾಷರ್ ಸುಣ್ಣದ ಪದರ ಹಿಡಿದು ಕಲ್ಲಾಗಿತ್ತು. ಬೆಳಗಿನ ಸರದಿಯಲ್ಲಿ ಜಿನುಗಿದ ನೀರು ಮಧ್ಯಾಹ್ನದ್ದನ್ನು ಕೆಡಿಸುತ್ತಿತ್ತು, ರಾತ್ರಿಯಿಡೀ ಆರುತ್ತಿದ್ದುದರಿಂದ ಮುಂಜಾನೆ ಸರಿಯಿರುತ್ತಿತ್ತು. ಹೊಸ ವಾಷರಿಗೆ 80 ರೂಪಾಯಿ ಕೊಟ್ಟರು. ಅಲ್ಲಿಯೂ ಬೋರ್ಡಿಗೆ ಮುಂಗಡ ಕೊಡಿಸಿಕೊಂಡಿದ್ದರು; ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ನಿಮ್ಮಲ್ಲೂ ಇದೇ ಆಗಿರಬೇಕೆಂದು ನೋಡದೆ ಹೇಳಲಾರೆ, ಅಳೆಸಿ. ಟಿವಿ ರಿಪೇರಿ ಮಾಡುವವರ ಬಳಿ ಮಲ್ಟಿಮೀಟರ್ ಇದ್ದೇ ಇರುತ್ತದೆ. ತಣ್ಣಗೆ ಮುಗಿದ ಮಧ್ಯಾಹ್ನವೇ ಕರೆಸಿ. ಬೆಳಿಗ್ಗೆ ಕರೆಸಿದರೆ ಎಲ್ಲ ಸರಿಯಿದೆ ಎಂದು ಹೊರಟುಹೋಗುತ್ತಾರೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು, ನಲ್ಲಿ ಮುಚ್ಚಬೇಕು, ಗುಂಡಿಯ ನೀರನ್ನು ಲೋಟದಿಂದ ಮೊಗೆದು ತೆಗೆದ ಮೇಲೆಯೇ ಯಂತ್ರವನ್ನು ವಾಲಿಸಬೇಕು. ವಾಲಿಸುವಾಗ ಇನ್ನೊಬ್ಬರು ಹಿಡಿದಿರಲಿ. ಸೆನ್ಸರಿನ ಕನೆಕ್ಟರ್ ಕಳಚಿ ಅಳೆದು ಅಂಕಿಯನ್ನು ಬರೆದಿಡಿ, ಪಿನ್ನುಗಳನ್ನು ಒರೆಸಿ ಆರಿಸಿ ಮತ್ತೆ ಅಳೆಯಲು ಹೇಳಿ. ಎರಡಕ್ಕೂ ದೊಡ್ಡ ಅಂತರವಿದ್ದರೆ ಕಳ್ಳ ಸಿಕ್ಕ ಹಾಗೆ.

ಅಂತರವಿಲ್ಲದಿದ್ದರೆ ಸೆನ್ಸರನ್ನು ಹೊರತೆಗೆದು, ಅದರ ಮೂತಿಯನ್ನಷ್ಟೇ ಚೊಂಬಿನ ಬಿಸಿನೀರಿನಲ್ಲಿ ಅದ್ದಿ, ಪಕ್ಕದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಇಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ನೀರು ಆರುತ್ತ ಬಂದಂತೆ ಮೀಟರಿನ ಅಂಕಿ ನಿಧಾನವಾಗಿ, ಎಲ್ಲೂ ಹಾರದೆ ಏರಬೇಕು. ನಡುವೆ ನೆಗೆದರೆ, ಕೋಣೆಯ ಉಷ್ಣತೆಗೆ ಬಂದರೂ ತೀರಾ ಕೆಳಗೇ ನಿಂತರೆ, ಸೆನ್ಸರ್ ಬದಲಿಸಿ. ಕೆಲವು ಯಂತ್ರಗಳಲ್ಲಿ ಕೊಳೆ ನೋಡುವ ಸೆನ್ಸರೂ ಇದರ ಜೊತೆಗೇ ಇದ್ದು ಮೂರಕ್ಕಿಂತ ಹೆಚ್ಚು ತಂತಿ ಇರುತ್ತವೆ. ಅಂಥದ್ದಕ್ಕೆ ಆ ಮಾದರಿಯ ಸರ್ವಿಸ್ ಪುಸ್ತಕದ ಅಂಕಿಯೇ ಬೇಕು.

ಹೀಟರನ್ನೂ ಅಳೆಸಿಬಿಡಿ. 1,800 ವ್ಯಾಟಿನದಾದರೆ ಸುಮಾರು 29 ಓಮ್, 2,000 ವ್ಯಾಟಿನದಾದರೆ 26. ಇಷ್ಟೆಲ್ಲ ಸರಿಯಿದ್ದು, ತಂತಿಯನ್ನು ಇಲಿ ಕಡಿದಿಲ್ಲವೆಂದೂ ಖಾತ್ರಿಯಾದ ಮೇಲೆ ಬೋರ್ಡಿನ ಮಾತು. ಅಂಕಿಗಳನ್ನು ನನಗೂ ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಡಿಶ್‌ವಾಷರಿನ ಉಪ್ಪು ದುಬಾರಿ. ಅಡುಗೆಯ ಪುಡಿ ಉಪ್ಪು ಹಾಕಬಹುದೇ?
– ಓದುಗರು, ಮಾಲೂರು

ಉತ್ತರ: ಹಾಕಬೇಡಿ. ಅದು ನಯವಾಗಿರುವುದರಿಂದ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಅಯೋಡಿನ್ನೂ ಗಂಟು ಕಟ್ಟದಿರಲು ಬೆರೆಸಿದ ಪದಾರ್ಥವೂ ಇರುತ್ತವೆ. ನೀರನ್ನು ಮೆದುವಾಗಿಸುವ ಭಾಗ ಕೆಟ್ಟರೆ ಸುಣ್ಣವೆಲ್ಲ ಹೀಟರಿಗೂ ಸೆನ್ಸರಿಗೂ ಹತ್ತುತ್ತದೆ. ಯಂತ್ರಕ್ಕೆಂದೇ ಬರುವ ಹರಳುಪ್ಪನ್ನೇ ತನ್ನಿ. ಈಗಾಗಲೇ ಬಿಳಿ ಪದರ ಕಟ್ಟಿದ್ದರೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಪುಡಿ) ಹಾಕಿ, ಪಾತ್ರೆಯಿಲ್ಲದೆ ಒಮ್ಮೆ ಬಿಸಿನೀರಿನ ಸರದಿ ಓಡಿಸಿ.